ಚಿತ್ರಶಾಲೆಯೂ ನಮ್ಮದೇ

ಬಯಲಾಟವೆಂದರೆ ಊರಿಗೆ ಊರೇ ಎದ್ದು ಹೊರಡುವ ಸೀಮೆ ನಮ್ಮದು. ತಾಳಮದ್ದಳೆಗೆ, ಕೋಲಕ್ಕೆ, ಜಾತ್ರೆಗೆ, ಸಂಗೀತ ಕಚೇರಿಗೆ ನಮ್ಮವರು ಕರೆಯೋಲೆಗಾಗಿ ಕಾಯುವುದಿಲ್ಲ. ಮಕ್ಕಳು ಮುದುಕರೆನ್ನದೆ ಹೋಗಿ, ಹೊತ್ತು ಕಳೆದದ್ದೇ ತಿಳಿಯದಂತೆ ಕುಳಿತು, ಮರುದಿನ ವೇಷದ ಬಗೆಗೂ ಮಾತಿನ ಬಗೆಗೂ ಜಗಲಿಯಲ್ಲಿ ಚರ್ಚೆ ಮಾಡುತ್ತೇವೆ. ಆದರೆ ಪೇಟೆಯಲ್ಲಿ ಚಿತ್ರಪ್ರದರ್ಶನ ಏರ್ಪಟ್ಟಿದೆ ಎಂದರೆ ನಮ್ಮ ಮನೆಗಳಿಂದ ಹೊರಡುವವರು ವಿರಳ. ಯಾಕೆಂದು ಕೇಳಿದರೆ ಎರಡು ಉತ್ತರಗಳು ಬರುತ್ತವೆ. ಒಂದು, ‘ಈಗಿನ ಚಿತ್ರಗಳು ನಮಗೆ ಅರ್ಥವಾಗುವುದಿಲ್ಲ.’ ಇನ್ನೊಂದು, ‘ಅದೆಲ್ಲ ಮಲಯಾಳದವರದ್ದು.’

ಈ ಎರಡು ಮಾತುಗಳನ್ನೂ ನಾವು ತುಸು ಪರೀಕ್ಷಿಸಿ ನೋಡಬೇಕಾಗಿದೆ. ಮೊದಲನೆಯದು ಸಂಕೋಚದ ಮಾತು. ಎರಡನೆಯದು, ನಮ್ಮದಾಗಬಹುದಾದ ಒಂದು ಆಸ್ತಿಯನ್ನು ನಾವಾಗಿಯೇ ಬಿಟ್ಟುಕೊಡುವ ಮಾತು.

ಕಾಞಂಗಾಡಿನ ಗ್ಯಾಲರಿ

ಕೇರಳ ಲಲಿತಕಲಾ ಅಕಾಡೆಮಿ 1962ರಲ್ಲಿ ಆರಂಭವಾಯಿತು. ಅದರ ಕೇಂದ್ರ ತೃಶ್ಶೂರು. ರಾಜ್ಯದ ಹಲವು ಪೇಟೆಗಳಲ್ಲಿ ಅಕಾಡೆಮಿಯ ಆರ್ಟ್ ಗ್ಯಾಲರಿಗಳಿವೆ. ನಮ್ಮ ಜಿಲ್ಲೆಯಲ್ಲಿ ಅಂತಹದೊಂದು ಇರುವುದು ಕಾಞಂಗಾಡಿನಲ್ಲಿ. ಇಂತಹ ಗ್ಯಾಲರಿ ವಸ್ತುಸಂಗ್ರಹಾಲಯದ ಹಾಗಲ್ಲ. ವಸ್ತುಸಂಗ್ರಹಾಲಯದಲ್ಲಿ ಒಮ್ಮೆ ನೋಡಿದ್ದನ್ನೇ ಹತ್ತು ವರ್ಷದ ಮೇಲೆಯೂ ನೋಡಬಹುದು. ಇಲ್ಲಿ ಒಬ್ಬರ ಪ್ರದರ್ಶನ ಮುಗಿದೊಡನೆ ಗೋಡೆ ಬರಿದಾಗುತ್ತದೆ, ಇನ್ನೊಬ್ಬರ ಚಿತ್ರಗಳಿಗೆ ಎಡೆಯಾಗುತ್ತದೆ. ಆದುದರಿಂದ ಇದು ಒಮ್ಮೆ ನೋಡಿ ಮುಗಿಸುವ ಸ್ಥಳವಲ್ಲ. ವಾಚನಾಲಯಕ್ಕೆ ಹೋದಂತೆ ಆಗಾಗ ಹೋಗಿ ಬರಬೇಕಾದ ಸ್ಥಳ.

ಗೋಡೆಯ ಮೇಲೆ ಏನೇನು ಕಂಡೀತು? ಒಬ್ಬರದು ಗದ್ದೆ, ತೋಡು, ಮುರಕಲ್ಲಿನ ಪಾರೆಗಳ ನೇರವಾದ ಭೂದೃಶ್ಯ. ಮತ್ತೊಬ್ಬರದು ಬರಿಯ ರೇಖೆಗಳಲ್ಲಿ ಮೂಡಿದ ಮನುಷ್ಯರು. ಇನ್ನೊಬ್ಬರ ಚಿತ್ರದಲ್ಲಿ ಬಣ್ಣದ ಪಟ್ಟಿಗಳೂ ಅಕ್ಷರಗಳಂತಹ ಗುರುತುಗಳೂ ಮಾತ್ರ. ಹೊಸಬರಿಗೆ ಇದು ಗೊಂದಲ. ಆದರೆ ಇಂದಿನ ಚಿತ್ರಕಾರರಲ್ಲಿ ಹೆಚ್ಚಿನವರು ನಡೆಯುತ್ತಿರುವ ಹಾದಿಗಳನ್ನು ನಮ್ಮದೇ ಕರಾವಳಿಯ, ನೆರೆಹೊರೆಯ ಹಿರಿಯರು ಹಿಂದೆಯೇ ಕಡಿದು ಇಟ್ಟಿದ್ದಾರೆ. ಆ ಕೆಲವು ಹಿರಿಯರ ಕ್ರಮವನ್ನು ಅರಿತುಕೊಂಡರೆ ಇಂದಿನವರ ಚಿತ್ರದ ಮುಂದೆ ನಿಲ್ಲುವುದು ಅಷ್ಟು ಕಷ್ಟವಲ್ಲ.

ಅದಕ್ಕೂ ಮೊದಲು ಒಂದು ಮಾತು. ನಮ್ಮ ಹಳೆಯ ಮನೆಗಳ ದೇವರ ಕೋಣೆಗಳಲ್ಲಿ ತೂಗುತ್ತಿದ್ದ ಲಕ್ಷ್ಮಿ, ಸರಸ್ವತಿಯರ ಪಟಗಳನ್ನು ನೆನಪಿಸಿಕೊಳ್ಳಿ. ಆ ರೂಪಗಳನ್ನು ಮನೆಮನೆಗೆ ಮುಟ್ಟಿಸಿದವರು ತಿರುವಾಂಕೂರಿನ ರಾಜಾ ರವಿವರ್ಮರು. 1894ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಮುದ್ರಣಾಲಯದಿಂದ ಈ ಪಟಗಳು ದೇಶವೆಲ್ಲ ಹರಡಿದವು. ಮಲಯಾಳದ ಚಿತ್ರಕಾರನ ಲಕ್ಷ್ಮಿಗೆ ದೀಪ ಹಚ್ಚುವಾಗ ನಮ್ಮ ಅಜ್ಜಿಯರು ಅವಳ ಭಾಷೆ ಕೇಳಲಿಲ್ಲ.

ಹೆಬ್ಬಾರರ ರೇಖೆ

1911ನೆಯ ಇಸವಿ ದಕ್ಷಿಣದ ಚಿತ್ರಕಲೆಗೆ ಶುಭವರ್ಷ. ಆ ವರ್ಷದ ಮೇ 31ರಂದು ಕೊಯಮತ್ತೂರಿನಲ್ಲಿ ಕೆ.ಸಿ.ಎಸ್. ಪಣಿಕ್ಕರರು ಜನಿಸಿದರು. ಎರಡು ವಾರ ಕಳೆದು, ಜೂನ್ 15ರಂದು, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಕೃಷ್ಣ ಹೆಬ್ಬಾರರು ಜನಿಸಿದರು. ಒಬ್ಬರು ಮಲಯಾಳಿ, ಒಬ್ಬರು ನಮ್ಮವರು. ಇಬ್ಬರೂ ಕಲಾಶಾಲೆಯಲ್ಲಿ ಪಾಶ್ಚಾತ್ಯ ಪದ್ಧತಿಯನ್ನು ಕಲಿತವರು, ಇಬ್ಬರೂ ಅದರಲ್ಲೇ ನಿಲ್ಲದವರು.

ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂದೆ ಅಲ್ಲಿಯೇ ಕೆಲವು ವರ್ಷ ಕಲಿಸಿದರು. ಎದುರಿಗೆ ಕೂತವನನ್ನು ಇದ್ದಂತೆಯೇ ಬಿಡಿಸುವ ವಿದ್ಯೆ ಅವರಿಗೆ ಕೈವಶವಾಗಿತ್ತು. ಆದರೆ ಅಷ್ಟರಿಂದ ಮನಸ್ಸು ತುಂಬಲಿಲ್ಲ. ಹಳೆಯ ಭಾರತೀಯ ಚಿತ್ರಗಳನ್ನೂ, ದಕ್ಷಿಣದ ಹಳ್ಳಿಗರನ್ನು 1937ರಲ್ಲಿ ಚಿತ್ರಿಸಿದ ಅಮೃತಾ ಶೇರ್‌ಗಿಲ್ಲರ ಕೃತಿಗಳನ್ನೂ ಅವರು ಧ್ಯಾನಿಸಿದರು. ಬಳಿಕ ಅವರ ಕುಂಚ ಹೊರಳಿದ್ದು ಕೇರಳದ ಕಡೆಗೆ. ಅಲ್ಲಿನ ಕೆಂಪು ಮಣ್ಣು, ಬಿಳಿಯ ಉಡುಗೆಯ ಹೆಂಗಸರು, ಬಿಸಿಲು, ತೆಂಗಿನ ನೆರಳು ಇವು ಅವರ ಚಿತ್ರಗಳಿಗೆ ಇಳಿದವು. ವಿಮರ್ಶಕರು ಆ ಕಾಲವನ್ನು ಹೆಬ್ಬಾರರ ‘ಕೇರಳ ಘಟ್ಟ’ವೆಂದೇ ಕರೆಯುತ್ತಾರೆ. ‘ಸನ್ನಿ ಸೌತ್’ ಎಂಬ ಪ್ರಸಿದ್ಧ ಚಿತ್ರ ಆ ಘಟ್ಟದ್ದು. ಕನ್ನಡ ಕರಾವಳಿಯ ಮಹಾಚಿತ್ರಕಾರನಿಗೆ ತನ್ನ ಬಣ್ಣ ಸಿಕ್ಕಿದ್ದು ಮಲಯಾಳದ ನೆಲದಲ್ಲಿ ಎಂಬುದನ್ನು ಗಡಿನಾಡಿನ ನಾವು ಮರೆಯಬಾರದು.

ಬಣ್ಣದ ಅನಂತರ ಅವರನ್ನು ಕಾಡಿದ್ದು ರೇಖೆ. ನೃತ್ಯದ ಲಯ ಕಣ್ಣಿಗೆ ಕಂಡರೆ ಸಾಲದು, ಮೈಗೆ ತಿಳಿಯಬೇಕೆಂದು ಅವರು ಗುರುವಿನ ಬಳಿ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಚಿತ್ರಕಾರನೊಬ್ಬ ಕಾಲಿಗೆ ಗೆಜ್ಜೆ ಕಟ್ಟಿದ ಈ ಸಂಗತಿ ಸಣ್ಣದಲ್ಲ. ಅವರ ರೇಖಾಚಿತ್ರಗಳಲ್ಲಿ ನರ್ತಕಿಯ ಕಣ್ಣು, ಮೂಗು, ಆಭರಣಗಳ ವಿವರ ಇರುವುದಿಲ್ಲ. ಎತ್ತಿದ ತೋಳಿನಿಂದ ಹೊರಟ ಒಂದು ಗೆರೆ ಸೊಂಟದಲ್ಲಿ ಬಳುಕಿ ಹಿಮ್ಮಡಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ನೃತ್ಯ ಮುಗಿದಿರುತ್ತದೆ. 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳ ಪುಸ್ತಕದ ಹೆಸರು ‘ದಿ ಸಿಂಗಿಂಗ್ ಲೈನ್’, ಎಂದರೆ ಹಾಡುವ ರೇಖೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದ ಹೆಬ್ಬಾರರು 1996ರಲ್ಲಿ ತೀರಿಕೊಂಡರು.

ಯಕ್ಷಗಾನದ ವೇಷ ದೂರದಿಂದ ಬರುವಾಗ ಮುಖ ಕಾಣುವ ಮೊದಲೇ ಹೆಜ್ಜೆಯಿಂದಲೇ ‘ಇದು ಇಂಥವರು’ ಎಂದು ಗುರುತಿಸುವವರು ನಾವು. ಆ ಕಣ್ಣು ಉಳ್ಳವರಿಗೆ ಹೆಬ್ಬಾರರ ರೇಖೆ ಅರ್ಥವಾಗದೆ ಇರುವುದು ಹೇಗೆ?

ಪಣಿಕ್ಕರರ ಓದಲಾಗದ ಅಕ್ಷರ

ಇನ್ನು ಪಣಿಕ್ಕರರು. ಮದರಾಸಿನ ಸರಕಾರಿ ಕಲಾಶಾಲೆಯಲ್ಲಿ ಕಲಿತು, ಮುಂದೆ ಅಲ್ಲಿಯೇ ಪ್ರಿನ್ಸಿಪಾಲರಾದವರು. ಮೊದಮೊದಲು ಜಲವರ್ಣದಲ್ಲಿ ಭೂದೃಶ್ಯಗಳನ್ನು ಬರೆದರು. 1963ರಿಂದ ಅವರ ಚಿತ್ರ ಪೂರ್ತಿ ಬದಲಾಯಿತು. ‘ಪದಗಳು ಮತ್ತು ಸಂಕೇತಗಳು’ ಎಂಬ ಮಾಲಿಕೆ ಆರಂಭವಾಯಿತು. ಜಾತಕದ ಕುಂಡಲಿ, ಲೆಕ್ಕದ ಪುಸ್ತಕದ ಅಂಕಿಗಳು, ತಂತ್ರದ ಮಂಡಲ, ಮಲಯಾಳ ಲಿಪಿಯನ್ನು ಹೋಲುವ ಗುಂಡು ಗುಂಡು ಅಕ್ಷರಗಳ ಸಾಲು ಸಾಲು, ನಡುವೆ ಒಂದು ಹಕ್ಕಿ, ಒಂದು ಹಾವು, ಒಂದು ಮೀನು. ನೋಡಿದರೆ ಯಾವುದೋ ಹಳೆಯ ಮನೆತನದ ತಾಳೆಗರಿಯ ಕಟ್ಟು ಬಿಚ್ಚಿದಂತೆ.

ಆದರೆ ಆ ಅಕ್ಷರಗಳನ್ನು ಓದಲು ಹೊರಟರೆ ಒಂದು ವಾಕ್ಯವೂ ಕೂಡಿ ಬರುವುದಿಲ್ಲ. ಅವು ಓದುವುದಕ್ಕಲ್ಲ, ನೋಡುವುದಕ್ಕೆ. ಅರ್ಥವನ್ನು ಕಳಚಿದ ಮೇಲೆ ಅಕ್ಷರದಲ್ಲಿ ಏನು ಉಳಿಯುತ್ತದೆ? ಕೈಯ ಓಟ ಉಳಿಯುತ್ತದೆ, ಬಳುಕು ಉಳಿಯುತ್ತದೆ, ತಲೆಮಾರುಗಳ ಅಭ್ಯಾಸ ಉಳಿಯುತ್ತದೆ. ಇದನ್ನೇ ಪಣಿಕ್ಕರರು ಬಣ್ಣವಾಗಿಸಿದರು. ಆ ಚಿತ್ರದ ಮುಂದೆ ಮಲಯಾಳ ಬಲ್ಲವರೂ ಅರಿಯದವರೂ ಒಂದೇ ಪಂಕ್ತಿಯಲ್ಲಿ ಕೂತವರು. ಬಸ್ಸಿನ ಬೋರ್ಡು ಓದಲಾಗದೆ, ಕಚೇರಿಯ ನೋಟೀಸು ತಿಳಿಯದೆ ಪರದಾಡಿದ ನಮ್ಮ ಹಿರಿಯರಿಗೆ, ಅಕ್ಷರ ಕಂಡೂ ಅರ್ಥ ಸಿಗದ ಅನುಭವ ಹೊಸದೇನಲ್ಲ. ಪಣಿಕ್ಕರರು ಅದೇ ಅನುಭವವನ್ನು ಸೌಂದರ್ಯವಾಗಿ ಮಾಡಿದರು ಎನ್ನುವುದೇ ವಿಶೇಷ.

ಅವರ ಇನ್ನೊಂದು ಕೊಡುಗೆ ಚೋಳಮಂಡಲ. ಕಲಿತು ಹೊರಬಂದ ಚಿತ್ರಕಾರರು ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಹಿಡಿದು ಕುಂಚವನ್ನೇ ಮರೆಯುವುದನ್ನು ಅವರು ಕಂಡರು. ಶಿಷ್ಯರನ್ನೂ ಗೆಳೆಯರನ್ನೂ ಕೂಡಿಸಿ, ಬಾಟಿಕ್ ಬಟ್ಟೆಯಂತಹ ಕೈಕಸುಬಿನ ವಸ್ತುಗಳನ್ನು ತಯಾರಿಸಿ ಮಾರಿ, ಆ ಹಣದ ಬಲದಿಂದ 1966ರಲ್ಲಿ ಮದರಾಸಿನ ಬಳಿ ಕಡಲತಡಿಯಲ್ಲಿ ಕಲಾವಿದರದೇ ಒಂದು ಗ್ರಾಮವನ್ನು ಕಟ್ಟಿದರು. ಕಸಬು ಹೊಟ್ಟೆಗೆ, ಚಿತ್ರ ಮನಸ್ಸಿಗೆ ಎಂಬ ಈ ವ್ಯವಸ್ಥೆ ಯಾರ ಕೃಪೆಯನ್ನೂ ಕಾಯಲಿಲ್ಲ. ಪಣಿಕ್ಕರರು 1977ರಲ್ಲಿ ತೀರಿಕೊಂಡರು. ‘ಚಿತ್ರ ಬಿಡಿಸಿದರೆ ಅನ್ನ ಹುಟ್ಟುತ್ತದೆಯೇ’ ಎಂದು ಮಕ್ಕಳನ್ನು ಗದರಿಸುವ ತಂದೆತಾಯಿಗಳು ಚೋಳಮಂಡಲದ ಕತೆಯನ್ನೊಮ್ಮೆ ಕೇಳಬೇಕು.

ಗಾಜಿನ ಹಿಂದಿನಿಂದ

ಮೂರನೆಯವರು ಕೆ.ಜಿ. ಸುಬ್ರಹ್ಮಣ್ಯನ್. ಹುಟ್ಟಿದ್ದು 1924ರಲ್ಲಿ, ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಕೂತುಪರಂಬದಲ್ಲಿ. ಶಾಲೆಗೆ ಹೋದದ್ದು ಮಾಹಿಯಲ್ಲಿ. ಮನೆತನ ತಮಿಳರದು, ಸುತ್ತಣ ಊರು ಮಲಯಾಳದ್ದು, ಮಾಹಿಯ ಆಡಳಿತ ಆಗ ಫ್ರೆಂಚರದು. ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲೊಂದು ಭಾಷೆ. ಇಂತಹ ಬದುಕು ನಮ್ಮ ಓದುಗರಿಗೆ ವಿವರಿಸಬೇಕಾದದ್ದಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು, 1944ರಲ್ಲಿ ಶಾಂತಿನಿಕೇತನಕ್ಕೆ ಹೋಗಿ ನಂದಲಾಲ ಬಸು, ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಇವರ ಶಿಷ್ಯರಾದರು. ಮುಂದೆ ಬರೋಡೆಯಲ್ಲೂ ಶಾಂತಿನಿಕೇತನದಲ್ಲೂ ಗುರುಗಳಾದರು.

ಸುಬ್ರಹ್ಮಣ್ಯನ್ನರ ಕ್ರಮವೆಂದರೆ ಕೈಗೆ ಸಿಕ್ಕಿದ ಯಾವ ವಸ್ತುವನ್ನೂ ಕೀಳೆನ್ನದಿರುವುದು. ಆವೆಮಣ್ಣಿನಲ್ಲಿ ಗೋಡೆಯಗಲದ ಉಬ್ಬುಚಿತ್ರ ಮಾಡಿದರು. ಮರದ ತುಂಡು, ಮಣಿ, ಚರ್ಮಗಳಿಂದ ಮಕ್ಕಳಿಗೆ ಆಟಿಕೆ ಮಾಡಿದರು. ಮಕ್ಕಳ ಪುಸ್ತಕ ಬರೆದು ಚಿತ್ರಿಸಿದರು. ಶಾಂತಿನಿಕೇತನದ ಕಲಾಭವನದ ಕಟ್ಟಡವೊಂದರ ಹೊರಗೋಡೆಗಳ ಮೇಲೆ ಕಪ್ಪು ಬಿಳುಪಿನಲ್ಲೇ ಬೃಹತ್ ಚಿತ್ರ ಬರೆದರು. ಅದು ಮಾಸಿದಾಗ 2009ರಲ್ಲಿ, ತಮ್ಮ 85ರ ವಯಸ್ಸಿನಲ್ಲಿ, ಅಟ್ಟಣಿಗೆಯೇರಿ ಮತ್ತೆ ಹೊಸದಾಗಿ ಬರೆದರು.

ಅವರು ಬಹಳ ಮೆಚ್ಚಿದ ಒಂದು ಪದ್ಧತಿ ಗಾಜಿನ ಹಿಂಬದಿಯಿಂದ ಬರೆಯುವುದು. ಹಳೆಯ ಮನೆಗಳಲ್ಲಿ ಕೃಷ್ಣನ ಅಥವಾ ಪಟ್ಟಾಭಿಷೇಕದ ಗಾಜಿನ ಪಟಗಳನ್ನು ನೋಡಿದವರಿಗೆ ಇದು ಗೊತ್ತಿರಬಹುದು. ಸಾಮಾನ್ಯ ಚಿತ್ರದಲ್ಲಿ ಮೊದಲು ಹಿನ್ನೆಲೆ, ಆಮೇಲೆ ದೇಹ, ಕೊನೆಗೆ ಕಣ್ಣು. ಗಾಜಿನ ಚಿತ್ರದಲ್ಲಿ ಎಲ್ಲವೂ ತಿರುಗುಮುರುಗು. ಕಣ್ಣ ಗೊಂಬೆ, ಹುಬ್ಬು, ಒಡವೆಯ ಚುಕ್ಕಿ ಮೊದಲು, ಅದರ ಮೇಲೆ ಮುಖದ ಬಣ್ಣ, ಎಲ್ಲಕ್ಕೂ ಕೊನೆಗೆ ಹಿನ್ನೆಲೆ. ಎಡದ್ದು ಬಲವಾಗಿ ಕಾಣುತ್ತದೆ. ಒಮ್ಮೆ ತಪ್ಪಿದ ಕಣ್ಣನ್ನು, ಮೇಲೆ ಬಣ್ಣ ಬಿದ್ದ ಬಳಿಕ ತಿದ್ದುವಂತಿಲ್ಲ. ದೇವರ ಪಟ ಬರೆಯುವವರ ಈ ವಿದ್ಯೆಯನ್ನು ಸುಬ್ರಹ್ಮಣ್ಯನ್ನರು ಇಂದಿನ ಮನುಷ್ಯರ, ಬೆಕ್ಕು ನಾಯಿಗಳ, ಬೀದಿಯ ಹಾಸ್ಯದ ಚಿತ್ರಗಳಿಗೆ ಬಳಸಿದರು. 2012ರಲ್ಲಿ ಪದ್ಮವಿಭೂಷಣ ಬಂದಿತು. 2016ರಲ್ಲಿ ತೀರಿಕೊಂಡರು.

ನಮ್ಮ ಜಿಲ್ಲೆಯೊಳಗೆ

ದೂರದವರ ಮಾತಾಯಿತು. ನಮ್ಮ ಜಿಲ್ಲೆಯಲ್ಲೇ, ಚೆರ್ವತ್ತೂರಿನ ಬಳಿಯ ಕುಟ್ಟಮತ್ತಿನಲ್ಲಿ 1937ರಲ್ಲಿ ಹುಟ್ಟಿದವರು ಕಾನಾಯಿ ಕುಞಿರಾಮನ್. ಇವರು ಮದರಾಸಿನಲ್ಲಿ ಪಣಿಕ್ಕರರ ಬಳಿ ಕಲಿತು, ಲಂಡನ್ನಿನ ಸ್ಲೇಡ್ ಕಲಾಶಾಲೆಗೂ ಹೋಗಿ ಬಂದು, ಶಿಲ್ಪಿಯೆಂದು ಹೆಸರಾದರು. 1969ರಲ್ಲಿ ಮಲಂಪುಳದಲ್ಲಿ ಇವರು ನಿರ್ಮಿಸಿದ ‘ಯಕ್ಷಿ’ ದೊಡ್ಡ ವಾದವನ್ನೇ ಎಬ್ಬಿಸಿತು. ಗ್ಯಾಲರಿಯೊಳಗೆ ಬರಲು ಹಿಂಜರಿಯುವ ಜನರ ಬಳಿಗೆ ಕಲೆಯೇ ಬಯಲಿಗೆ ಹೋಗಬೇಕೆಂಬುದು ಇವರ ಕೃತಿಗಳು ತೋರುವ ದಾರಿ. ಕಾಸರಗೋಡಿನ ಜಿಲ್ಲಾ ಪಂಚಾಯತ್ ಆವರಣದಲ್ಲಿ ಇವರದೊಂದು ತಾಯಿಯ ಶಿಲ್ಪವಿದೆ. ಗೇರುತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾದ ಎಂಡೋಸಲ್ಫಾನಿನಿಂದ ಬಾಡಿದ ಮಕ್ಕಳ, ಅವರನ್ನು ಹೊತ್ತ ತಾಯಂದಿರ ಸ್ಮರಣೆ ಅದು. ವರ್ಷಗಟ್ಟಲೆ ಅರ್ಧದಲ್ಲಿ ನಿಂತು, ಬಹಳ ಕಾಲದ ಮೇಲೆ ಪೂರ್ಣಗೊಂಡಿತು. ಎಣ್ಮಕಜೆಯ, ಪಡ್ರೆಯ ಕನ್ನಡ ತುಳು ಮನೆಗಳ ದುಃಖವನ್ನು ಮಲಯಾಳಿ ಶಿಲ್ಪಿಯೊಬ್ಬರು ತಮ್ಮದೆಂದು ಬಗೆದರು. ಆ ಶಿಲ್ಪದ ಮುಂದೆ ‘ಇದು ಮಲಯಾಳದವರದ್ದು’ ಎಂದು ಯಾರು ಹೇಳಬಲ್ಲರು?

ನಮ್ಮವರೇ ಆದ ಪಿ.ಎಸ್. ಪುಣಿಂಚತ್ತಾಯರ ಹೆಸರನ್ನೂ ಇಲ್ಲಿ ಗೌರವದಿಂದ ನೆನೆಯಬೇಕು. ಭೂದೃಶ್ಯ ಚಿತ್ರಕಾರರೆಂದು ಹೆಸರಾದ ಅವರು ಕಾಸರಗೋಡಿನ ಕನ್ನಡಿಗರಿಗೆ, ‘ಚಿತ್ರಕಲೆಯನ್ನೇ ಬಾಳುವೆಯಾಗಿ ಮಾಡಿಕೊಳ್ಳಬಹುದು’ ಎಂದು ಬದುಕಿ ತೋರಿಸಿದವರು. ದಿನವೂ ನೋಡಿ ನೋಡದಂತಾಗಿರುವ ನಮ್ಮ ಗುಡ್ಡ, ಬೈಲು, ತೋಟಗಳನ್ನು ಒಂದು ಚೌಕಟ್ಟಿನೊಳಗೆ ಕಂಡಾಗ ‘ಇದು ಇಷ್ಟು ಚಂದವೇ?’ ಎಂದು ಬೆರಗಾಗುತ್ತೇವಲ್ಲ, ಭೂದೃಶ್ಯ ಚಿತ್ರದ ಬೆಲೆ ಅದೇ.

ಚಿತ್ರದ ಮುಂದೆ ನಿಂತಾಗ

ಇನ್ನು ‘ಅರ್ಥವಾಗುವುದಿಲ್ಲ’ ಎಂಬ ಮೊದಲ ಮಾತು. ರಾಗ ಕೇಳುವಾಗ ಅದರ ಅರ್ಥವೇನೆಂದು ನಾವು ಕೇಳುತ್ತೇವೆಯೇ? ಅಂಗಳದ ರಂಗೋಲಿಗೆ ಅರ್ಥ ಹುಡುಕುತ್ತೇವೆಯೇ? ಚಿತ್ರವನ್ನೂ ಹಾಗೆಯೇ ಎದುರುಗೊಳ್ಳಬೇಕು. ನಮಗೆ ತೋಚಿದ ಕೆಲವು ಸೂಚನೆಗಳು ಇಲ್ಲಿವೆ.

ಮೊದಲು, ಅವಸರ ಬೇಡ. ಐವತ್ತು ಚಿತ್ರಗಳ ಮುಂದೆ ನಡೆದು ಹೋಗುವುದಕ್ಕಿಂತ ಐದರ ಮುಂದೆ ನಿಲ್ಲುವುದು ಮೇಲು. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ಸರಿಯಿತು ಎಂದು ಗಮನಿಸಿ. ಚಿತ್ರಕಾರ ಕಟ್ಟಿದ ದಾರಿ ಅದು.

ಎರಡನೆಯದಾಗಿ, ಚಿತ್ರದ ಪಕ್ಕದ ಸಣ್ಣ ಚೀಟಿಯಲ್ಲಿ ಯಾವ ಮಾಧ್ಯಮವೆಂದು ಬರೆದಿರುತ್ತದೆ. ಜಲವರ್ಣವಾದರೆ ಬಿಳುಪು ಎಂಬುದು ಹೆಚ್ಚಾಗಿ ಕಾಗದದ್ದೇ, ಬಣ್ಣ ಹಚ್ಚದೆ ಬಿಟ್ಟ ಜಾಗ. ತೈಲವರ್ಣ ಮೆಲ್ಲನೆ ಒಣಗುತ್ತದೆ. ಆದುದರಿಂದ ದಿನಗಟ್ಟಲೆ ತಿದ್ದಬಹುದು, ಒಂದು ಬಣ್ಣವನ್ನು ಇನ್ನೊಂದರೊಳಗೆ ಕರಗಿಸಬಹುದು. ಅಕ್ರಿಲಿಕ್ ಬೇಗ ಒಣಗುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ತೈಲ ಆರುವುದೇ ಇಲ್ಲ. ಕರಾವಳಿಯ ಚಿತ್ರಕಾರ ಮಾಧ್ಯಮ ಆರಿಸುವಾಗ ಮೋಡವನ್ನೂ ಕೇಳಬೇಕಾಗುತ್ತದೆ.

ಮೂರನೆಯದಾಗಿ, ಏನನ್ನು ಬಿಟ್ಟಿದ್ದಾನೆ ಎಂದು ನೋಡಿ. ಹೆಬ್ಬಾರರು ಮುಖದ ವಿವರ ಬಿಟ್ಟರು, ಪಣಿಕ್ಕರರು ಅರ್ಥ ಬಿಟ್ಟರು. ಬಿಟ್ಟದ್ದರಿಂದಲೇ ಉಳಿದದ್ದು ಎದ್ದು ಕಂಡಿತು.

ಕೊನೆಯದಾಗಿ, ಚಿತ್ರಕಾರರು ಅಲ್ಲಿಯೇ ಇದ್ದರೆ ಮಾತನಾಡಿಸಿ. ‘ಇದರ ಅರ್ಥವೇನು?’ ಎಂದು ಕೇಳಿದರೆ ಅವರೂ ಮುಜುಗರಪಟ್ಟಾರು. ‘ಇದನ್ನು ಎಲ್ಲಿಂದ ಆರಂಭಿಸಿದಿರಿ?’ ಎಂದು ಕೇಳಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕನ್ನಡವೋ ತುಳುವೋ ಹರಕುಮುರುಕು ಮಲಯಾಳವೋ, ಯಾವುದಾದರೂ ನಡೆದೀತು.

ಮಕ್ಕಳಿಗಾಗಿ, ಭಾಷೆಗಾಗಿ

ಕೇರಳದ ಶಾಲಾ ಕಲೋತ್ಸವವನ್ನು ಗಮನಿಸಿ. ಭಾಷಣ, ಕವಿತಾವಾಚನಗಳಿಗೆ ಭಾಷೆಗೊಂದು ವಿಭಾಗ. ಪೆನ್ಸಿಲ್ ಚಿತ್ರ, ಜಲವರ್ಣ, ತೈಲವರ್ಣಗಳಿಗೆ ಅಂತಹ ವಿಭಾಗವಿಲ್ಲ. ಕನ್ನಡ ಮಾಧ್ಯಮದ ಮಗುವೂ ಮಲಯಾಳ ಮಾಧ್ಯಮದ ಮಗುವೂ ಪಕ್ಕಪಕ್ಕದಲ್ಲಿ ಕುಳಿತು ಒಂದೇ ವಿಷಯಕ್ಕೆ ಬಣ್ಣ ಹಚ್ಚುತ್ತಾರೆ. ಭಾಷೆಯ ಕಾರಣಕ್ಕೆ ನಮ್ಮ ಮಗು ಹಿಂದೆ ಬೀಳದ ಕ್ಷೇತ್ರ ಇದೊಂದು. ಆದರೆ ಹಿಂದೆ ಬೀಳದಿರಲು ಆ ಮಗು ನೋಡಿರಬೇಕು. ಒಳ್ಳೆಯ ಆಟ ನೋಡದವ ವೇಷಧಾರಿಯಾಗುವುದುಂಟೇ? ರಜಾದಿನ ಒಂದು ಬಸ್ಸಿನಲ್ಲಿ ಮಕ್ಕಳನ್ನು ಕಾಞಂಗಾಡಿಗೆ ಕರೆದೊಯ್ಯುವುದು ನಮ್ಮ ಶಾಲೆಗಳಿಗೂ ಸಂಘಗಳಿಗೂ ಮೀರಿದ ಕೆಲಸವಲ್ಲ. ಮುಂದೆ ಕಲಿಯಬಯಸುವವರಿಗೆ ತಿರುವನಂತಪುರ, ತೃಶ್ಶೂರುಗಳ ಕಲಾಶಾಲೆಗಳೂ ಉಂಟು, ಮಂಗಳೂರಿನ ಮಹಾಲಸಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತೂ ಉಂಟು. ಎರಡು ಕಡೆಯ ಬಾಗಿಲು ತೆರೆದಿರುವುದು ಗಡಿನಾಡಿನವರ ಭಾಗ್ಯವೇ ಸರಿ.

ಚಿತ್ರಕ್ಕೆ ಭಾಷೆ ಬೇಡ ಎಂದೆವು. ಚೀಟಿಗೆ ಬೇಕು. ಚಿತ್ರಕಾರನ ಹೆಸರು, ಚಿತ್ರದ ಹೆಸರು, ಪರಿಚಯದ ನಾಲ್ಕು ಸಾಲು ಇವು ಮಲಯಾಳ, ಇಂಗ್ಲಿಷುಗಳ ಜೊತೆ ಕನ್ನಡದಲ್ಲಿಯೂ ಇರಲಿ ಎಂದು ಕೇಳುವುದು ದುರಾಶೆಯಲ್ಲ. ಕನ್ನಡಿಗರೂ ತಮಿಳರೂ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶವನ್ನು 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಕೇರಳ ಬರೆದಿಟ್ಟಿತ್ತು. ಒಂದು ಸಾಲಿನ ಕನ್ನಡ ಚೀಟಿಗೆ ಕಾಯಿದೆಯೂ ಬೇಕಿಲ್ಲ, ಒಂದಿಷ್ಟು ಮನಸ್ಸು ಸಾಕು.

ಆದರೆ ನೋಡಲು ಬಾರದವರಿಗಾಗಿ ಯಾರು ಚೀಟಿ ಬರೆದಾರು? ಕೇಳುವ ಮೊದಲು ನಾವು ಬಾಗಿಲಲ್ಲಿ ಕಾಣಿಸಿಕೊಳ್ಳಬೇಕು. ಪ್ರದರ್ಶನಗಳಲ್ಲಿ ಬಾಗಿಲ ಬಳಿ ಮೇಜಿನ ಮೇಲೆ ಅಭಿಪ್ರಾಯ ಬರೆಯುವ ಪುಸ್ತಕ ಇಟ್ಟಿರುತ್ತಾರೆ. ನೋಡಿ ಹೊರಡುವಾಗ ಅದರಲ್ಲಿ ಎರಡು ಸಾಲು ಬರೆಯಿರಿ, ಮಕ್ಕಳ ಕೈಯಿಂದಲೂ ಬರೆಯಿಸಿರಿ. ಕನ್ನಡದಲ್ಲಿ ಬರೆಯಿರಿ.